ಹಳೇ ವಿಮಾನ ಜಾಹೀರಾತು ಕೂಡಿಡುವುದು ಹೇಗೆ: ಹುಡುಕಾಟದಿಂದ ಕಟ್ಟು ಹಾಕಿಸುವವರೆಗೆ

ದಪ್ಪ ಮೀಸೆ, ದೊಡ್ಡ ಪೇಟ, ಎದೆ ಮೇಲೆ ಕೈಯಿಟ್ಟು ಬಾಗುವ ಏರ್ ಇಂಡಿಯಾ ಮಹಾರಾಜ. ಜೀವನದಲ್ಲಿ ಒಂದು ಸಲವೂ ವಿಮಾನ ಹತ್ತದವರಿಗೂ ಅವನ ಪರಿಚಯ ಇರುತ್ತದೆ. ಅವನನ್ನು, ಅವನ ಕಾಲದ ವಿಮಾನ ಕಂಪನಿಗಳಾದ ಅಮೆರಿಕದ ಪ್ಯಾನ್ ಆಮ್, ಟಿಡಬ್ಲ್ಯುಎ, ಬ್ರಿಟನ್ನಿನ ಬಿಒಎಸಿ ಪೋಸ್ಟರ್‌ಗಳನ್ನು ಫೋನಿನಲ್ಲಿ ನೋಡಿ ಆಹಾ ಅನ್ನುವವರು ಬೇಕಾದಷ್ಟು ಜನ. ಅಸಲಿ ಕಾಗದ ಕೈಯಲ್ಲಿ ಹಿಡಿಯಬೇಕು, ಮನೆಯಲ್ಲಿ ಇಟ್ಟುಕೊಳ್ಳಬೇಕು ಅನ್ನಿಸಿದವರಿಗೆ ಮಾತ್ರ ಈ ಬರಹ.

ಒಂದೇ ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಳ್ಳುವುದಕ್ಕಿಂತ ಮೊದಲು ಓದುವುದನ್ನು ಕಲಿಯಿರಿ. ಒಂದು ಹಳೇ ಜಾಹೀರಾತು ತನ್ನ ವಯಸ್ಸು, ತನ್ನ ಊರು, ತನ್ನ ಸುಳ್ಳು ಎಲ್ಲವನ್ನೂ ತಾನೇ ಹೇಳುತ್ತದೆ. ಅದು ಕೇಳಿಸದವರು ಹೊಸ ಪ್ರಿಂಟಿಗೆ ಹಳೇ ಬೆಲೆ ಕೊಟ್ಟು ಬರುತ್ತಾರೆ.

ಶುರು ಮಾಡುವ ಮೊದಲು: ಇವು ಇಷ್ಟು ಚಂದ ಯಾಕಿದ್ದವು?

ಆಗಿನ ಕಂಪನಿಗಳಿಗೆ ಕಲೆ ಮೇಲೆ ಪ್ರೀತಿ ಜಾಸ್ತಿ ಇತ್ತು ಅಂತ ಅಂದುಕೊಳ್ಳಬೇಡಿ. ಕಾರಣ ದುಡ್ಡಿನದು. 1945ರಲ್ಲಿ ಹವಾನಾದಲ್ಲಿ ಶುರುವಾದ ವಿಮಾನ ಕಂಪನಿಗಳ ಸಂಘ ಅಯಾಟಾ, ಸಭೆ ಸೇರಿ ಅಂತರರಾಷ್ಟ್ರೀಯ ಮಾರ್ಗಗಳ ಟಿಕೆಟ್ ದರ ಗೊತ್ತು ಮಾಡುತ್ತಿತ್ತು. ಬಾಂಬೆಯಿಂದ ಲಂಡನ್‌ಗೆ ಏರ್ ಇಂಡಿಯಾದಲ್ಲಿ ಹೋದರೂ ಬಿಒಎಸಿಯಲ್ಲಿ ಹೋದರೂ ದರದಲ್ಲಿ ವ್ಯತ್ಯಾಸ ಇರುತ್ತಿರಲಿಲ್ಲ. ದರ ಇಳಿಸಿ ಗಿರಾಕಿ ಹಿಡಿಯುವ ದಾರಿ ಮುಚ್ಚಿದ ಮೇಲೆ ಉಳಿದಿದ್ದು ಊಟ, ಸೀಟು, ಗಗನಸಖಿಯರ ಸೀರೆ, ಗೋಡೆ ಮೇಲಿನ ಚಿತ್ರ. ಅದರಲ್ಲೇ ಪೈಪೋಟಿ.

ಈ ಪೈಪೋಟಿ ಎಷ್ಟು ವಿಚಿತ್ರವಾಗಿತ್ತು ಅಂದರೆ, 1958ರಲ್ಲಿ ಸ್ಯಾಂಡ್‌ವಿಚ್ ಮೇಲೇ ಒಂದು ಜಗಳ ನಡೆಯಿತು. ಅಟ್ಲಾಂಟಿಕ್ ಮಾರ್ಗದಲ್ಲಿ ಆಗಷ್ಟೇ ಎಕಾನಮಿ ಕ್ಲಾಸ್ ಬಂದಿತ್ತು, ಅದರಲ್ಲಿ ಸಾದಾ ಸ್ಯಾಂಡ್‌ವಿಚ್ ಮಾತ್ರ ಕೊಡಬೇಕು ಅಂತ ನಿಯಮ. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ಒಂದು ತುಂಡು ಬ್ರೆಡ್ಡಿನ ಮೇಲೆ ಊಟವನ್ನೇ ಪೇರಿಸಿ ಇದು ಸ್ಯಾಂಡ್‌ವಿಚ್ಚೇ ಅಂದಿತು. ಪ್ಯಾನ್ ಆಮ್ ದೂರು ಕೊಟ್ಟಿತು. ಎಸ್‌ಎಎಸ್‌ಗೆ 20,000 ಡಾಲರ್ ದಂಡ ಬಿತ್ತು. ಅಮೆರಿಕದ ಒಳಗೂ 1978ರ ಕಾನೂನು ಬರುವ ತನಕ ಸರ್ಕಾರಿ ಮಂಡಳಿಯೇ ದರದ ಮೇಲೆ ಹಿಡಿತ ಇಟ್ಟುಕೊಂಡಿತ್ತು. ಆಮೇಲೆ ಜಾಹೀರಾತಿನಲ್ಲಿ ಚಿತ್ರ ಚಿಕ್ಕದಾಗುತ್ತಾ, ದರದ ಅಂಕಿ ದೊಡ್ಡದಾಗುತ್ತಾ ಬಂತು.

ಇದನ್ನು ಯಾಕೆ ಹೇಳಿದೆ ಅಂದರೆ, ಈ ಕಥೆ ಗೊತ್ತಿದ್ದರೆ ಯಾವುದು ಕೂಡಿಡಲು ಯೋಗ್ಯ ಅನ್ನುವುದು ಸುಲಭವಾಗಿ ತಿಳಿಯುತ್ತದೆ. ಸುಮಾರು 1946ರಿಂದ 1978ರವರೆಗಿನ ಕಾಗದದಲ್ಲಿ ಸರಕು ಜಾಸ್ತಿ.

ಅಂದಹಾಗೆ, ಆ ಕಾಲ ಚಿನ್ನದ ಕಾಲವೇನೂ ಆಗಿರಲಿಲ್ಲ. ಟಿಕೆಟ್ ಸಾಮಾನ್ಯರ ಕೈಗೆ ಎಟುಕುತ್ತಿರಲಿಲ್ಲ, ಕ್ಯಾಬಿನ್ ತುಂಬ ಸಿಗರೇಟ್ ಹೊಗೆ, ಅಪಘಾತವೂ ಈಗಿಗಿಂತ ಜಾಸ್ತಿ. ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' 1950ರಲ್ಲಿ, 'ಕಾಂಚನಜುಂಗಾ' 1966ರಲ್ಲಿ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿದವು. ಹೋಮಿ ಭಾಭಾ ತೀರಿಕೊಂಡಿದ್ದು ಎರಡನೆಯದರಲ್ಲಿ. ಆ ಹಿಮದಲ್ಲಿ ಈಗಲೂ ವಸ್ತುಗಳು ಸಿಗುತ್ತಿರುತ್ತವೆ. ಅಲ್ಲಿಂದ ಬಂದದ್ದು ಅಂತ ಯಾರಾದರೂ ಏನಾದರೂ ಮಾರಲು ಬಂದರೆ ಕೊಳ್ಳಬೇಡಿ. ಅದು ಸತ್ತವರ ಸಾಮಾನು, ಅದಕ್ಕೆ ವಾರಸುದಾರರಿದ್ದಾರೆ.

ಹಂತ 1: ಒಂದು ಬೇಲಿ ಹಾಕಿಕೊಳ್ಳಿ

ಎಲ್ಲ ದೇಶದ ಎಲ್ಲ ಕಂಪನಿಯನ್ನೂ ಕೂಡಿಡಲು ಹೊರಟರೆ ದುಡ್ಡೂ ಸಾಲದು, ಜಾಗವೂ ಸಾಲದು. ಒಂದು ಕಂಪನಿ, ಒಂದು ಕಾಲ ಅಥವಾ ಒಂದು ಬಗೆ ಆರಿಸಿ. ನಮ್ಮ ಕಡೆಯವರಿಗೆ ನನ್ನ ಸಲಹೆ ಏರ್ ಇಂಡಿಯಾ. ಕಾರಣ ದೇಶಭಕ್ತಿಯಲ್ಲ. ಅದರ ಕಾಗದ ನಮ್ಮಲ್ಲೇ ಸಿಗುತ್ತದೆ, ಅದರ ಇತಿಹಾಸ ನಮಗೆ ಅರ್ಧ ಗೊತ್ತೇ ಇರುತ್ತದೆ, ಮತ್ತು ಆ ಕಾಲದ ಜಗತ್ತಿನಲ್ಲಿ ಅಷ್ಟು ತಮಾಷೆಯಾದ ಜಾಹೀರಾತು ಮಾಡಿದವರು ಕಡಿಮೆ.

ಆ ತಮಾಷೆಯ ಹಿಂದಿದ್ದವರು ಬಾಬಿ ಕೂಕಾ, ಏರ್ ಇಂಡಿಯಾದ ವಾಣಿಜ್ಯ ವಿಭಾಗದ ಮುಖ್ಯಸ್ಥರು. 1946ರಲ್ಲಿ ಅವರೂ, ಜೆ. ವಾಲ್ಟರ್ ಥಾಮ್ಸನ್ ಜಾಹೀರಾತು ಸಂಸ್ಥೆಯ ಬಾಂಬೆ ಕಚೇರಿಯಲ್ಲಿದ್ದ ಕಲಾವಿದ ಉಮೇಶ್ ರಾವ್ ಅವರೂ ಸೇರಿ ಮಹಾರಾಜನನ್ನು ಮಾಡಿದರು. ಮೊದಲು ಅವನಿದ್ದದ್ದು ಬರೀ ಒಂದು ಬರೆಯುವ ಪ್ಯಾಡಿನ ಮೇಲೆ. ಆಮೇಲೆ ಪ್ಯಾರಿಸ್‌ನಲ್ಲಿ ಒಂದು ವೇಷ, ಟೋಕಿಯೋದಲ್ಲಿ ಇನ್ನೊಂದು ವೇಷ, ಬಾಂಬೆಯ ಕೆಂಪ್ಸ್ ಕಾರ್ನರ್ ಹೋರ್ಡಿಂಗ್‌ನಲ್ಲಿ ದಿನದ ಸುದ್ದಿ ಹಿಡಿದು ಗೇಲಿ. ಹೆಸರಿಗೆ ಮಹಾರಾಜ, ಮಾಡುವುದೆಲ್ಲ ಪ್ರವಾಸಿಗನ ಪುಂಡಾಟ.

ಇನ್ನು ಯಾವ ಬಗೆಯ ವಸ್ತು ಅನ್ನುವ ಪ್ರಶ್ನೆ. ಎಲ್ಲರ ಕಣ್ಣೂ ದೊಡ್ಡ ಪೋಸ್ಟರ್ ಮೇಲೆ. ಅಲ್ಲಿಂದ ಶುರು ಮಾಡಬೇಡಿ. ಅದರ ಬೆಲೆ ಜಾಸ್ತಿ, ನಕಲೂ ಜಾಸ್ತಿ, ಇಡುವುದೂ ಕಷ್ಟ. ಹಳೇ ಪತ್ರಿಕೆಯ ಜಾಹೀರಾತು ಪುಟದಿಂದ ಶುರು ಮಾಡಿ. ಅಗ್ಗ. ಸಂಚಿಕೆ ಯಾವುದೆಂದು ತಿಳಿದರೆ ತಾರೀಖು ಖಚಿತ. ಅಷ್ಟು ಕಡಿಮೆ ಬೆಲೆಯದ್ದನ್ನು ನಕಲು ಮಾಡುವ ತೊಂದರೆ ಯಾರೂ ತಗೊಳ್ಳುವುದಿಲ್ಲ. ಅದರ ನಂತರ ಸೂಟ್‌ಕೇಸಿಗೆ ಅಂಟಿಸುತ್ತಿದ್ದ ಲಗೇಜ್ ಲೇಬಲ್, ವೇಳಾಪಟ್ಟಿ, ಟಿಕೆಟ್ ಕವರ್, ಪಿಕ್ಚರ್ ಪೋಸ್ಟ್‌ಕಾರ್ಡ್, ಊಟದ ಮೆನು, ಇಸ್ಪೀಟ್ ಎಲೆ, ಕ್ಯಾಲೆಂಡರ್, ಮತ್ತು ಹೊಸ ಮಾರ್ಗದ ಮೊದಲ ವಿಮಾನದಲ್ಲಿ ಹೋದ ಅಂಚೆ ಲಕೋಟೆ. ವೇಳಾಪಟ್ಟಿಯನ್ನು ಯಾರೂ ಗಮನಿಸುವುದಿಲ್ಲ, ಆದರೆ ಕಾಲ ಪತ್ತೆ ಹಚ್ಚಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಯಾವ ವರ್ಷ ಯಾವ ವಿಮಾನ ಯಾವ ಊರಿಗೆ ಹೋಗುತ್ತಿತ್ತು ಅನ್ನುವುದೆಲ್ಲ ಅದರಲ್ಲೇ ಇರುತ್ತದೆ.

ಕನಸು ಕಾಣಬೇಕು ಅಂದರೆ ಡಾಲಿಯ ಆಶ್‌ಟ್ರೇ ಇದೆ. 1967ರಲ್ಲಿ ಏರ್ ಇಂಡಿಯಾ ತನ್ನ ಗಣ್ಯ ಪ್ರಯಾಣಿಕರಿಗೆ ಉಡುಗೊರೆ ಕೊಡಲು ಸ್ಪೇನ್‌ನ ಚಿತ್ರಕಾರ ಸಾಲ್ವಡಾರ್ ಡಾಲಿ ಕೈಯಲ್ಲಿ ಪಿಂಗಾಣಿ ಆಶ್‌ಟ್ರೇ ವಿನ್ಯಾಸ ಮಾಡಿಸಿತು. ಆನೆಯ ತಲೆ ತಿರುಗಿಸಿ ನೋಡಿದರೆ ಹಂಸ, ಹಂಸವನ್ನು ತಿರುಗಿಸಿದರೆ ಆನೆ. ಡಾಲಿ ಕೇಳಿದ ಸಂಭಾವನೆ ದುಡ್ಡಲ್ಲ, ಒಂದು ಆನೆಮರಿ. ಆ ಮರಿ ವಿಮಾನ ಹತ್ತಿದ್ದು ನಮ್ಮ ಬೆಂಗಳೂರಿನಲ್ಲಿ! ಜಿನೀವಾದಲ್ಲಿ ಇಳಿದು, ಅಲ್ಲಿಂದ ಲಾರಿಯಲ್ಲಿ ಸ್ಪೇನ್‌ನ ಕಡಾಕೆಸ್‌ಗೆ ಹೋಯಿತು. ಆಶ್‌ಟ್ರೇ ಮಾಡಿಸಿದ್ದು ಕೆಲವೇ ನೂರು. ಸುಲಭವಾಗಿ ಸಿಗುತ್ತದೆ, ಅದೂ ಕಡಿಮೆ ಬೆಲೆಗೆ ಅಂತ ಯಾರಾದರೂ ಅಂದರೆ ಅನುಮಾನ ಪಡಿ.

ಹಂತ 2: ಹುಡುಕುವ ಜಾಗ

ಮೊದಲ ಜಾಗ ನೆಂಟರ ಮನೆ ಅಟ್ಟ. ಅರವತ್ತು, ಎಪ್ಪತ್ತರ ದಶಕದಲ್ಲಿ ಓದಲು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋದ ದೊಡ್ಡಪ್ಪ, ಕೆಲಸಕ್ಕೆ ಗಲ್ಫ್‌ಗೆ ಹೋದ ಮಾವ ಪ್ರತಿ ಕುಟುಂಬದಲ್ಲೂ ಅಲ್ಲದಿದ್ದರೂ ಪ್ರತಿ ಬೀದಿಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರ ಟ್ರಂಕಿನಲ್ಲಿ ಹಳೇ ಟಿಕೆಟ್, ಕವರ್, ಏರ್‌ಲೈನ್ ಚೀಲ ಇರುವ ಸಾಧ್ಯತೆ ಇದೆ. ಕೇಳುವಾಗ "ದೊಡ್ಡಪ್ಪ, ಹಳೇ ಏರ್ ಇಂಡಿಯಾ ಪೇಪರ್ ಏನಾದ್ರೂ ಇದ್ಯಾ?" ಅನ್ನಬೇಡಿ, "ಮೊದಲ ಸಲ ಹೇಗೆ ಹೋದ್ರಿ, ಎಲ್ಲೆಲ್ಲಿ ಇಳಿದ್ರಿ?" ಅಂತ ಕೇಳಿ. ಕಥೆ ಶುರುವಾದರೆ ಟ್ರಂಕು ತಾನೇ ತೆರೆಯುತ್ತದೆ. ಕಥೆಯನ್ನೂ ಬರೆದಿಟ್ಟುಕೊಳ್ಳಿ, ಕಾಗದಕ್ಕಿಂತ ಅದು ಬೇಗ ಕಳೆದುಹೋಗುತ್ತದೆ.

ಎರಡನೆಯದು ಗುಜರಿ ಮತ್ತು ಹಳೇ ಪುಸ್ತಕದ ಅಂಗಡಿ. 1993ರಲ್ಲಿ ನಿಂತುಹೋದ 'ಇಲ್ಲಸ್ಟ್ರೇಟೆಡ್ ವೀಕ್ಲಿ'ಯ ಹಳೇ ಸಂಚಿಕೆ, 'ಲೈಫ್', 'ನ್ಯಾಷನಲ್ ಜಿಯೋಗ್ರಾಫಿಕ್' ಇವು ಮೂರರಲ್ಲೂ ವಿಮಾನ ಜಾಹೀರಾತು ಧಾರಾಳ. ಬೆಂಗಳೂರಿನಲ್ಲಿ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್ ಬುಕ್ ಶಾಪ್, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆಯ ಭಾನುವಾರದ ಸಂತೆ. ಮುಂಬೈಗೆ ಹೋದರೆ ಚೋರ್ ಬಜಾರ್‌ನ ಮಟನ್ ಸ್ಟ್ರೀಟ್. ಅಲ್ಲಿ ಪೋಸ್ಟರ್‌ಗಿಂತ ಬೊಂಬೆ, ಬೋರ್ಡು ಜಾಸ್ತಿ ಕಾಣಿಸುತ್ತವೆ, ಅವುಗಳ ಬಗ್ಗೆ ಮುಂದೆ ಹೇಳುತ್ತೇನೆ.

ಒಂದು ವಿನಂತಿ. ಪೂರ್ತಿ ಸಂಚಿಕೆ ಗಟ್ಟಿಯಾಗಿದ್ದರೆ ಒಂದು ಪುಟಕ್ಕಾಗಿ ಅದನ್ನು ಹರಿಯಬೇಡಿ. ಹಾಗೇ ಇಡಿ. ಮೊದಲೇ ಹರಿದು, ರಟ್ಟು ಹೋಗಿ, ಅರ್ಧ ಪುಟ ಇಲಿ ತಿಂದ ಸಂಚಿಕೆಯಿಂದ ಮಾತ್ರ ಪುಟ ಬಿಡಿಸಿ.

ಆನ್‌ಲೈನ್‌ನಲ್ಲಿ ಹುಡುಕುವವರು ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಬೇಕು. ಮಹಾರಾಜ ಪದವನ್ನು ಇಂಗ್ಲಿಷ್‌ನಲ್ಲಿ ಕೊನೆಗೆ ಎಚ್ ಹಾಕಿ ಬರೆಯುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಏರ್ ಮತ್ತು ಇಂಡಿಯಾ ನಡುವೆ ಅಡ್ಡಗೆರೆ ಇರುವ, ಇಲ್ಲದ ಎರಡೂ ರೂಪ ಹಾಕಿ ನೋಡಿ. ಬೆಲೆ ನೋಡುವಾಗ ಮಾರುವವನು ಕೇಳಿದ ಬೆಲೆ ನೋಡಬೇಡಿ, ಇಬೇ ಜಾಲತಾಣದಲ್ಲಿ ಮಾರಾಟವಾದ ವಸ್ತುಗಳ ಪಟ್ಟಿ ಬೇರೆ ನೋಡಬಹುದು, ಅದರಲ್ಲಿರುವುದೇ ನಿಜವಾದ ಬೆಲೆ.

ಕೊಳ್ಳದೆ ಕಣ್ಣು ಪಳಗಿಸಿಕೊಳ್ಳುವ ಜಾಗಗಳೂ ಇವೆ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಮ್ಯೂಸಿಯಂ ತನ್ನ ವಿಮಾನಯಾನ ಸಂಗ್ರಹವನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಅಮೆರಿಕದ ಸ್ಮಿತ್‌ಸೋನಿಯನ್ ವಿಮಾನ ಮ್ಯೂಸಿಯಂನ ಪೋಸ್ಟರ್ ಸಂಗ್ರಹವೂ ಹಾಗೇ. ಪ್ಯಾನ್ ಆಮ್ ದಾಖಲೆಗಳು ಮಯಾಮಿ ವಿಶ್ವವಿದ್ಯಾಲಯದಲ್ಲಿವೆ. ಒಂದಿಷ್ಟು ದಿನ ಸುಮ್ನೆ ಇವನ್ನೇ ನೋಡುತ್ತಾ ಕೂತರೆ, ಆಮೇಲೆ ಅಂಗಡಿಯಲ್ಲಿ ನಕಲು ಕಂಡಾಗ ಕಣ್ಣಿಗೆ ಚುಚ್ಚುತ್ತದೆ.

ಹಂತ 3: ಕಾಲ ಪತ್ತೆ ಹಚ್ಚಿ

ಈ ಹವ್ಯಾಸದಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಇದು. ಹೆಚ್ಚಿನ ಪೋಸ್ಟರ್‌ಗಳ ಮೇಲೆ ವರ್ಷ ಇರುವುದಿಲ್ಲ. ಸುಳಿವುಗಳಿರುತ್ತವೆ.

ಮೊದಲು ಕಂಪನಿಯ ಹೆಸರು. ಜೆಆರ್‌ಡಿ ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಹಮದಾಬಾದ್ ಮೇಲೆ ಬಾಂಬೆಗೆ ಅಂಚೆ ವಿಮಾನ ಹಾರಿಸಿದರು. ಅಲ್ಲಿಂದ ಮುಂದೆ ನೆವಿಲ್ ವಿನ್‌ಸೆಂಟ್ ಅದೇ ಅಂಚೆಯನ್ನು ನಮ್ಮ ಬಳ್ಳಾರಿ ಮಾರ್ಗವಾಗಿ ಮದರಾಸಿಗೆ ಒಯ್ದರು. ಹಾಗಾಗಿ ಆ ಕಾಲದ ಅಂಚೆ ಲಕೋಟೆಯಲ್ಲಿ ಬಳ್ಳಾರಿ ಹೆಸರು ಕಂಡರೆ ಬಿಡಬೇಡಿ. ಟಾಟಾ ಹೆಸರಿದ್ದರೆ 1946ಕ್ಕಿಂತ ಮೊದಲಿನದು, ಆ ವರ್ಷ ಅದು ಏರ್-ಇಂಡಿಯಾ ಆಯಿತು. 'ಏರ್-ಇಂಡಿಯಾ ಇಂಟರ್‌ನ್ಯಾಷನಲ್' ಅಂತಿದ್ದರೆ 1948ರಿಂದ 1962ರ ಒಳಗೆ. 1962ರ ಜೂನ್‌ನಲ್ಲಿ 'ಇಂಟರ್‌ನ್ಯಾಷನಲ್' ಬಿದ್ದುಹೋಯಿತು. ಡೆಕ್ಕನ್ ಏರ್‌ವೇಸ್, ಭಾರತ್ ಏರ್‌ವೇಸ್, ಹಿಮಾಲಯನ್ ಏವಿಯೇಷನ್ ಅಂತ ಇದ್ದರೆ 1953ಕ್ಕಿಂತ ಹಿಂದಿನದು. ಆ ವರ್ಷ ಸರ್ಕಾರ ಇವನ್ನೆಲ್ಲ ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿತು.

ಎರಡನೆಯದು ಚಿತ್ರದಲ್ಲಿರುವ ವಿಮಾನ (ಇಲ್ಲಿನ ವರ್ಷಗಳೆಲ್ಲ ಏರ್ ಇಂಡಿಯಾದವು). ಬಾಲದಲ್ಲಿ ಮೂರು ರೆಕ್ಕೆ ನಿಂತಿದ್ದರೆ ಅದು ಲಾಕ್‌ಹೀಡ್ ಕಾನ್‌ಸ್ಟಲೇಷನ್. 1948ರ ಜೂನ್ 8ರಂದು ಬಾಂಬೆಯಿಂದ ಕೈರೋ, ಜಿನೀವಾ ಮೇಲೆ ಲಂಡನ್‌ಗೆ ಹೋದ ಏರ್ ಇಂಡಿಯಾದ ಮೊದಲ ವಿಮಾನ ಇದೇ ಜಾತಿಯದು. ಅದರ ಉದ್ದನೆಯ ತಮ್ಮ ಸೂಪರ್ ಕಾನ್‌ಸ್ಟಲೇಷನ್ 1954ರಲ್ಲಿ ಬಂತು. ರೆಕ್ಕೆ ಹಿಂದಕ್ಕೆ ಬಾಗಿದ್ದು, ನಾಲ್ಕು ಜೆಟ್ ಎಂಜಿನ್ ನೇತಾಡುತ್ತಿದ್ದರೆ ಬೋಯಿಂಗ್ 707, 1960ರಿಂದ. ತಲೆ ಮೇಲೆ ಗೂನು ಇದ್ದರೆ 747, 1971ರಿಂದ. ಕಿಟಕಿಗಳ ಸುತ್ತ ಕೆಂಪು ಬಣ್ಣದಲ್ಲಿ ಅರಮನೆಯ ಝರೋಖಾ ಬರೆದಿದ್ದರೆ ಅದು 747 ಬಂದ ಮೇಲಿನ ವೇಷ. ವಿಮಾನದ ಹೆಸರೂ ಸುಳಿವೇ. ಮೊದಲ ಕಾನ್‌ಸ್ಟಲೇಷನ್‌ಗಳಿಗೆಲ್ಲ 'ಪ್ರಿನ್ಸೆಸ್' ಅಂತ ಹೆಸರು, 707ಗಳಿಗೆ ಗೌರಿಶಂಕರ, ನಂದಾದೇವಿ ಅಂತ ಹಿಮಾಲಯದ ಶಿಖರಗಳು, 747ಗಳಿಗೆ ಅಶೋಕನಂಥ ಚಕ್ರವರ್ತಿಗಳು.

ಎರಡೂ ಸುಳಿವು ಜೋಡಿಸಿ ನೋಡಿ. ಪೋಸ್ಟರ್‌ನಲ್ಲಿ 'ಏರ್-ಇಂಡಿಯಾ ಇಂಟರ್‌ನ್ಯಾಷನಲ್' ಅಂತಿದೆ, ಚಿತ್ರ 707ರದ್ದು, ಊರು ನ್ಯೂಯಾರ್ಕ್. ನ್ಯೂಯಾರ್ಕ್ ಸೇವೆ ಶುರುವಾಗಿದ್ದು 1960ರ ಮೇ ತಿಂಗಳಲ್ಲಿ, ಹೆಸರು ಬದಲಾಗಿದ್ದು 1962ರಲ್ಲಿ. ಅಂದರೆ ಎರಡೇ ವರ್ಷದ ಸಂದು. ಒಂದು ಎಚ್ಚರ, ಜಾಹೀರಾತು ಯಾವಾಗಲೂ ವಿಮಾನಕ್ಕಿಂತ ಮುಂಚೆ ಬರುತ್ತದೆ, 'ಬರಲಿದೆ' ಅಂತ ಹೇಳುವ ಪೋಸ್ಟರ್ ಹಿಂದಿನ ವರ್ಷದ್ದೂ ಇರಬಹುದು.

ಮೂರನೆಯದು ಕೆಳಗಿನ ಚಿಕ್ಕ ಅಕ್ಷರ. ಇದನ್ನು ಓದದೆ ಬಿಡುವವರೇ ಜಾಸ್ತಿ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಮೊದಲಿನದು. 'ನಯಾ ಪೈಸೆ' ಅಂತಿದ್ದರೆ 1957ರಿಂದ 1964ರ ನಡುವೆ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು, ಇದರಲ್ಲಿ ಅನುಮಾನವೇ ಬೇಡ. ಅಮೆರಿಕದ ವಿಳಾಸದಲ್ಲಿ ಐದಂಕಿ ಜಿಪ್ ಕೋಡ್ ಇದ್ದರೆ 1963ರ ನಂತರ. 'ಬಿಒಎಸಿ ಮತ್ತು ಕ್ವಾಂಟಾಸ್ ಸಹಯೋಗದಲ್ಲಿ' ಅನ್ನುವ ಸಾಲಿದ್ದರೆ ಅರವತ್ತರ ದಶಕದ ಕಡೆ ನೋಡಿ, ಏರ್ ಇಂಡಿಯಾವೂ ಸೇರಿ ಮೂರೂ ಕಂಪನಿಗಳು ಆಗ ಒಪ್ಪಂದ ಮಾಡಿಕೊಂಡಿದ್ದವು. ಬಿಒಎಸಿ ಹೆಸರು 1974ರಲ್ಲಿ ಬ್ರಿಟಿಷ್ ಏರ್‌ವೇಸ್ ಆಗಿ ಮುಗಿಯಿತು.

ನಾಲ್ಕನೆಯದು ಊರಿನ ಹೆಸರು. ಸಿಲೋನ್ ಇದ್ದರೆ 1972ಕ್ಕಿಂತ ಮೊದಲು. ಬಾಂಬೆ 1995ರಲ್ಲಿ, ಮದರಾಸು 1996ರಲ್ಲಿ, ಕಲ್ಕತ್ತಾ 2001ರಲ್ಲಿ ಬದಲಾದವು. ಆದರೆ ಜನ ಹಳೇ ಹೆಸರನ್ನು ಬಿಡುವುದಿಲ್ಲವಲ್ಲ, ಹಾಗಾಗಿ ಊರಿನ ಹೆಸರೊಂದನ್ನೇ ನಂಬಬೇಡಿ.

ಹಂತ 4: ಅಸಲಿಯೋ ನಕಲೋ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಕೊಳ್ಳಿ, ಒಡವೆ ಅಂಗಡಿಯವರು ಕಣ್ಣಿಗೆ ಹಿಡಿಯುವಂಥದ್ದು. ಸ್ಟಾಂಪ್ ಮಾರುವವರ ಹತ್ತಿರವೂ ಸಿಗುತ್ತದೆ. ಮೊದಲು ಅಕ್ಷರಗಳ ಅಂಚು ನೋಡಿ, ಚಿತ್ರವನ್ನಲ್ಲ. ಆ ಕಾಲದ ಆಫ್‌ಸೆಟ್ ಪ್ರಿಂಟಿನಲ್ಲಿ ಫೋಟೋ ಭಾಗ ಚುಕ್ಕಿಗಳಿಂದ ಆಗಿರುತ್ತದೆ, ಅದು ಸಹಜ. ಆದರೆ ದೊಡ್ಡ ಅಕ್ಷರಗಳನ್ನು ಸಾಮಾನ್ಯವಾಗಿ ಗಟ್ಟಿ ಬಣ್ಣದಲ್ಲಿ, ಚೂಪಾದ ಅಂಚಿನಲ್ಲಿ ಅಚ್ಚು ಹಾಕುತ್ತಿದ್ದರು. ಹಳೇ ಪೋಸ್ಟರನ್ನು ಸ್ಕ್ಯಾನ್ ಮಾಡಿ ಮತ್ತೆ ಪ್ರಿಂಟ್ ಹಾಕಿದರೆ ಅಕ್ಷರವೂ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಇಂಕ್‌ಜೆಟ್ ಆದರೆ ಬಣ್ಣ ಎರಚಿದ ಹಾಗೆ ಗೊತ್ತುಗುರಿ ಇಲ್ಲದ ಹನಿಗಳು. ಕಲ್ಲಚ್ಚಿನ ಹಳೇ ಲಿಥೋಗ್ರಾಫ್‌ನಲ್ಲಿ ಚುಕ್ಕಿ ಸಾಲೇ ಇರುವುದಿಲ್ಲ, ಕ್ರೇಯಾನ್ ಉಜ್ಜಿದಂಥ ತರಿತರಿ ಇರುತ್ತದೆ.

ಆಮೇಲೆ ಅಳತೆ. ಟೇಪು ಹಿಡಿದೇ ಹೋಗಿ. ಆಗಿನ ಬಹಳಷ್ಟು ವಿಮಾನ ಪೋಸ್ಟರ್‌ಗಳು 25×40 ಇಂಚು, ಏರ್ ಫ್ರಾನ್ಸ್‌ನವು ಸುಮಾರು 62×100 ಸೆಂಟಿಮೀಟರ್. ಈಗಿನ ರೆಡಿಮೇಡ್ ಫ್ರೇಮಿಗೆ ಸರಿಯಾಗಿ ಕೂರುವ 12×18, 18×24, 24×36 ಇದ್ದರೆ ಹೊಸ ಪ್ರಿಂಟ್ ಆಗಿರುವ ಸಾಧ್ಯತೆಯೇ ಹೆಚ್ಚು.

ಕಾಗದಕ್ಕೆ ಯುವಿ ಟಾರ್ಚ್ ಹಿಡಿಯಿರಿ, ಕತ್ತಲೆ ಕೋಣೆಯಲ್ಲಿ. ಬೆಳ್ಳಗೆ ಹೊಳೆಯಿಸುವ ರಾಸಾಯನಿಕವನ್ನು ಕಾಗದಕ್ಕೆ ಸೇರಿಸುವ ರೂಢಿ ಬಂದಿದ್ದು ಹೆಚ್ಚುಕಡಿಮೆ ಐವತ್ತರ ದಶಕದಲ್ಲಿ. ಮೂವತ್ತರ ದಶಕದ್ದು ಅಂತ ಹೇಳಿದ ಕಾಗದ ನೀಲಿ ಬಿಳುಪಿನಲ್ಲಿ ಫಳಫಳ ಹೊಳೆದರೆ ಸುಳ್ಳು ಸಿಕ್ಕಿಬಿತ್ತು. ಅರವತ್ತು, ಎಪ್ಪತ್ತರ ಕಾಗದಕ್ಕೆ ಈ ಪರೀಕ್ಷೆ ಉಪಯೋಗವಿಲ್ಲ.

ಪತ್ರಿಕೆಯ ಪುಟವಾದರೆ ಕೆಲಸ ಇನ್ನೂ ಸುಲಭ: ತಿರುಗಿಸಿ ನೋಡಿ. ಹಿಂದೆ ಆ ಪತ್ರಿಕೆಯ ಲೇಖನವೋ ಇನ್ನೊಂದು ಜಾಹೀರಾತೋ ಇರಲೇಬೇಕು. ಹಿಂಬದಿ ಖಾಲಿಯಿದ್ದರೆ ಮಾರುವವನಿಗೆ ಒಂದು ನಮಸ್ಕಾರ ಹೇಳಿ ಬನ್ನಿ.

ತುಕ್ಕು ಹಿಡಿದ ಎನಾಮಲ್ ಬೋರ್ಡ್, ಬುಕಿಂಗ್ ಕಚೇರಿಯ ಮೇಜಿನ ಮೇಲಿರುತ್ತಿದ್ದ ಮಹಾರಾಜನ ಬೊಂಬೆ, ಇವು ಹೊಸದಾಗಿ ತಯಾರಾಗುವುದೂ ಇದೆ. ಬೋರ್ಡಿನಲ್ಲಿ ತುಕ್ಕು ಎಲ್ಲಿ ಬಂದಿದೆ ನೋಡಿ. ನಿಜವಾದ ತುಕ್ಕು ಮೊಳೆ ಹೊಡೆದ ತೂತಿನ ಸುತ್ತ, ಅಂಚಿನಲ್ಲಿ, ನೀರು ನಿಲ್ಲುವ ಕೆಳಭಾಗದಲ್ಲಿ ಬರುತ್ತದೆ. ನಡುವೆ ಮಾತ್ರ ಚಂದವಾಗಿ ತುಕ್ಕು ಹಿಡಿದಿದ್ದರೆ ಯಾರೋ ಹಿಡಿಸಿದ್ದಾರೆ. ಬೊಂಬೆಯ ತಳ ನೋಡಿ, ಹತ್ತಾರು ವರ್ಷ ಮೇಜಿನ ಮೇಲೆ ಎಳೆದಾಡಿದ್ದಕ್ಕೆ ಸವೆದಿರಬೇಕು.

ಹೆಚ್ಚು ಜನಪ್ರಿಯ ಚಿತ್ರಕ್ಕೆ ಹೆಚ್ಚು ಅನುಮಾನ. ಟಿಡಬ್ಲ್ಯುಎಗಾಗಿ ಡೇವಿಡ್ ಕ್ಲೈನ್ ಮಾಡಿದ, ಟೈಮ್ಸ್ ಸ್ಕ್ವೇರ್ ದೀಪಗಳ ಬಣ್ಣದ ತುಣುಕುಗಳಿರುವ 1956ರ ನ್ಯೂಯಾರ್ಕ್ ಪೋಸ್ಟರ್ ಮರುವರ್ಷವೇ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಸೇರಿತು. ಅದರ ಮರುಮುದ್ರಣ ಈಗ ಎಲ್ಲೆಲ್ಲೂ ಇದೆ. ಮರುಮುದ್ರಣ ಕೊಳ್ಳುವುದು ತಪ್ಪೇನಲ್ಲ, ಗೋಡೆಗೆ ಅದೇ ಸಾಕು. ಮರುಮುದ್ರಣದ ಬೆಲೆ ಕೊಟ್ಟು ತನ್ನಿ, ಅಷ್ಟೇ.

ಹಂತ 5: ಚಿತ್ರವನ್ನು ಇನ್ನೊಮ್ಮೆ ನೋಡಿ

ಕೊಂಡ ಮೇಲೆ ಸುಮ್ನೆ ಕವರಿಗೆ ಹಾಕಿಡಬೇಡಿ. ಈ ಜಾಹೀರಾತು ಯಾರಿಗೆ ಏನು ಮಾರುತ್ತಿತ್ತು ಅಂತ ಕೇಳಿ. ಆನೆ, ಹಾವಾಡಿಗ, ಅರಮನೆ ತುಂಬಿದ ಪೋಸ್ಟರ್ ನಮಗಾಗಿ ಮಾಡಿದ್ದಲ್ಲ, ಬಿಳಿಯ ಪ್ರವಾಸಿಗನಿಗಾಗಿ. ಏರ್ ಇಂಡಿಯಾವೇ ಆ ಆನೆ, ಅರಮನೆಗಳನ್ನು ತಾನೇ ಎತ್ತಿಕೊಂಡು, ತಾನೇ ಅದನ್ನು ಗೇಲಿಯೂ ಮಾಡಿತು. ಅದಕ್ಕೇ ನನಗೆ ಅದು ಇಷ್ಟ.

ಗಗನಸಖಿಯರ ವಿಷಯದಲ್ಲಿ ಮಾತ್ರ ನಗು ಬರುವುದಿಲ್ಲ. 1965ರಲ್ಲಿ ಅಮೆರಿಕದ ಬ್ರಾನಿಫ್ ಕಂಪನಿ ವಿಮಾನಗಳಿಗೆಲ್ಲ ಬಗೆಬಗೆ ಬಣ್ಣ ಬಳಿದು, ಇಟಲಿಯ ವಸ್ತ್ರ ವಿನ್ಯಾಸಕ ಪುಚ್ಚಿ ಕೈಯಲ್ಲಿ ಹುಡುಗಿಯರಿಗೆ ಸಮವಸ್ತ್ರ ಮಾಡಿಸಿ, ಹಾರುವಾಗಲೇ ಒಂದೊಂದು ಪದರ ಕಳಚುವ ಜಾಹೀರಾತು ಮಾಡಿತು. ನಮ್ಮಲ್ಲಿ ಪೋಸ್ಟರ್‌ನಲ್ಲಿ ಸೀರೆಯುಟ್ಟು ಕೈಮುಗಿದು ನಿಂತವಳಿಗೆ ನಿಜಜೀವನದಲ್ಲಿ 35ಕ್ಕೆ ನಿವೃತ್ತಿ, ಮೊದಲ ಬಸಿರಿಗೇ ಕೆಲಸ ಹೋಗುವ ನಿಯಮ. ಬಸಿರಿನ ನಿಯಮವನ್ನು ಸುಪ್ರೀಂ ಕೋರ್ಟ್ 1981ರಲ್ಲಿ ನರ್ಗೀಸ್ ಮಿರ್ಜಾ ಪ್ರಕರಣದಲ್ಲಿ ರದ್ದು ಮಾಡಿತು. ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದು ಅನ್ನುವುದನ್ನು ಹಾಗೇ ಬಿಟ್ಟಿತು. ಪೋಸ್ಟರ್ ಪಕ್ಕದ ಟಿಪ್ಪಣಿಯಲ್ಲಿ ಇದನ್ನೂ ಬರೆದಿಡಿ.

ಹಂತ 6: ಕಾಪಾಡಿ

ನಮ್ಮ ಮಳೆಗಾಲಕ್ಕಿಂತ ದೊಡ್ಡ ಶತ್ರು ಕಾಗದಕ್ಕೆ ಇಲ್ಲ. ಮಂಗಳೂರು, ಉಡುಪಿ, ಮಲೆನಾಡಿನವರಿಗೆ ಹೇಳುವುದೇ ಬೇಡ.

ಹಳೇ ಪತ್ರಿಕೆಯ ಕಾಗದದಲ್ಲೇ ಆಮ್ಲ ಇರುತ್ತದೆ, ಅದಕ್ಕೇ ಹಳದಿಯಾಗಿ ಮುರಿಯುವುದು. ಮೊದಲು ಸ್ಟೇಪಲ್ ಪಿನ್ ತೆಗೆಯಿರಿ, ತುಕ್ಕು ಕಾಗದವನ್ನು ತಿನ್ನುತ್ತದೆ. ಆಮ್ಲರಹಿತ ಕಾಗದದ ಮಡಿಲಲ್ಲಿ, ಪಾಲಿಯೆಸ್ಟರ್ ಕವರ್‌ನಲ್ಲಿ, ಮಡಿಸದೆ, ಮಲಗಿಸಿ ಇಡಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಮೂಗಿಗೆ ಪ್ಲಾಸ್ಟಿಕ್ ವಾಸನೆ ಹೊಡೆಯುವ ಪಿವಿಸಿ ಫೋಲ್ಡರ್ ಬೇಡ, ಅದು ಕಾಲಕ್ರಮೇಣ ಶಾಯಿಯನ್ನೇ ಎಳೆದುಕೊಳ್ಳುತ್ತದೆ. ಕೈ ತೊಳೆದು ಪೂರ್ತಿ ಒಣಗಿಸಿಕೊಂಡು ಮುಟ್ಟಿ. ಬಟ್ಟೆಯ ಗ್ಲೌಸ್ ಹಾಕಿಕೊಂಡರೆ ಬೆರಳಿಗೆ ಹಿಡಿತ ಸಿಗದೆ ಹರಿಯುವುದೇ ಜಾಸ್ತಿ.

ಹೊರಗೋಡೆಗೆ ತಾಗಿದ ಬೀರು ಬೇಡ, ಆ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ನೆಲದ ಮೇಲಿನ ಟ್ರಂಕೂ ಬೇಡ. ಡಬ್ಬದೊಳಗೆ ಸಿಲಿಕಾ ಜೆಲ್ ಚೀಲ ಇಡಿ, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಅಗ್ಗದ ಹೈಗ್ರೋಮೀಟರ್ ಒಂದು ಇಟ್ಟು ತೇವಾಂಶ 50 ಶೇಕಡಾ ಆಸುಪಾಸು ಇದೆಯೇ ನೋಡುತ್ತಿರಿ. ಡಾಂಬರು ಗುಳಿಗೆ ಕಾಗದಕ್ಕೆ ತಾಗಿಸಬೇಡಿ. ಅಜ್ಜಿ ಹೇಳಿದಂತೆ ಹಸಿ ಬೇವಿನ ಸೊಪ್ಪು ನಡುವೆ ಇಟ್ಟರೆ ಹುಳು ಬರುತ್ತದೋ ಇಲ್ಲವೋ, ಕಲೆಯಂತೂ ಬರುತ್ತದೆ. ತಿಂಗಳಿಗೊಮ್ಮೆ ತೆಗೆದು ನೋಡುವುದೇ ಹುಳುವಿಗೆ ಒಳ್ಳೆಯ ಮದ್ದು.

ಕಟ್ಟು ಹಾಕಿಸುವಾಗ ಅಂಗಡಿಯವರ ಪಕ್ಕದಲ್ಲೇ ನಿಲ್ಲಿ. ಅವರು ಅಭ್ಯಾಸಬಲದಿಂದ ಹಿಂದೆ ಕಂದು ಹಾರ್ಡ್‌ಬೋರ್ಡ್ ಇಟ್ಟು, ಫೆವಿಕಾಲ್ ಹಚ್ಚಿ, ಬ್ರೌನ್ ಟೇಪ್ ಹೊಡೆದುಬಿಡುತ್ತಾರೆ. ಮೂರೂ ಬೇಡ ಅಂತ ಮೊದಲೇ ಹೇಳಿ. ಆಮ್ಲರಹಿತ ಮೌಂಟ್ ಬೋರ್ಡ್ ಬೇಕು, ಮೇಲಿನ ಅಂಚಿನಲ್ಲಿ ಮಾತ್ರ ಜಪಾನಿ ಟಿಶ್ಯೂ ಮತ್ತು ಗೋಧಿ ಪಿಷ್ಟದ ಅಂಟಿನಿಂದ ನೇತುಹಾಕಬೇಕು, ಗಾಜಿಗೂ ಕಾಗದಕ್ಕೂ ನಡುವೆ ಸಂದು ಇರಬೇಕು. ಸಾಧ್ಯವಾದರೆ ಯುವಿ ತಡೆಯುವ ಅಕ್ರಿಲಿಕ್ ಹಾಕಿಸಿ. ಕಿಟಕಿ ಎದುರಿನ ಗೋಡೆಗೆ ತೂಗುಹಾಕಬೇಡಿ, ಕೆಂಪು ಮತ್ತು ಹಳದಿ ಮೊದಲು ಮಾಸುತ್ತವೆ. ಲ್ಯಾಮಿನೇಷನ್ ಮಾಡಿಸಿದರೆ ಮುಗಿಯಿತು, ಮತ್ತೆ ಬಿಡಿಸಲಾಗದು. ಹರಿದ ಪೋಸ್ಟರನ್ನು ಮನೆಯಲ್ಲಿ ರಿಪೇರಿ ಮಾಡಲು ಹೋಗದೆ, ಪರಂಪರೆ ಕಾಪಾಡುವ ಸಂಸ್ಥೆ ಇಂಟ್ಯಾಕ್ ನಡೆಸುವಂಥ ಕಲಾ ಸಂರಕ್ಷಣಾ ಕೇಂದ್ರದಲ್ಲಿ ಕೇಳಿ.

ಹಂತ 7: ಸ್ಕ್ಯಾನ್, ಪಟ್ಟಿ, ಹಕ್ಕು

ಪ್ರತಿ ವಸ್ತುವನ್ನೂ ಎರಡೂ ಬದಿ ಸ್ಕ್ಯಾನ್ ಮಾಡಿ, 600 ಡಿಪಿಐ ಇರಲಿ. ಒಂದು ಎಕ್ಸೆಲ್ ಹಾಳೆಯಲ್ಲಿ ಎಲ್ಲಿ ಸಿಕ್ಕಿತು, ಎಷ್ಟು ಕೊಟ್ಟಿರಿ, ಅಳತೆ, ಯಾವ ಸುಳಿವಿನಿಂದ ಯಾವ ವರ್ಷ ಅಂತ ತೀರ್ಮಾನಿಸಿದಿರಿ ಅನ್ನುವುದನ್ನು ಬರೆಯಿರಿ. ಕೊನೆಯದು ಬಹಳ ಮುಖ್ಯ, ನಾಳೆ ಹೊಸ ಸುಳಿವು ಸಿಕ್ಕಾಗ ತಿದ್ದಬಹುದು.

ಸ್ಕ್ಯಾನ್ ಮಾಡಿದ ಚಿತ್ರವನ್ನು ಮಗ್, ಟೀಶರ್ಟ್ ಮೇಲೆ ಹಾಕಿ ಮಾರುವ ಯೋಚನೆ ಬಂದರೆ ನಿಲ್ಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸರ್ಕಾರಿ ಸ್ವಾಮ್ಯದ ಸಂಸ್ಥೆಯ ಕೃತಿಗೆ ಪ್ರಕಟವಾದ ಮೇಲೆ 60 ವರ್ಷ ಹಕ್ಕು. ಚಿತ್ರದ ಹಕ್ಕು ಕಲಾವಿದರದ್ದಾಗಿದ್ದರೆ ಅವರು ತೀರಿಕೊಂಡ ಮೇಲೆ 60 ವರ್ಷ. ಇದರ ಜೊತೆಗೆ ಮಹಾರಾಜ ಟ್ರೇಡ್‌ಮಾರ್ಕ್ ಕೂಡ, ಅದಕ್ಕೆ ಹೀಗೆ ಮುಗಿಯುವ ತಾರೀಖಿಲ್ಲ. 2022ರ ಜನವರಿಯಿಂದ ಏರ್ ಇಂಡಿಯಾ ಮತ್ತೆ ಟಾಟಾ ಕೈಯಲ್ಲಿದೆ. ವ್ಯಾಪಾರ ಮಾಡುವವರು ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಇನ್ನೊಂದು ವಿಷಯ. ಈಗ ಯಾರೂ ಕೂಡಿಡದ ಕಾಗದವನ್ನೂ ತೆಗೆದಿಡಿ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಿಂದ ಶುರು ಮಾಡಿದ ಏರ್ ಡೆಕ್ಕನ್‌ನ ಗುರುತಾಗಿದ್ದವನು ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. ಮಹಾರಾಜನ ಜಾಗಕ್ಕೆ ಪಂಚೆ, ಚೌಕಳಿ ಕೋಟಿನ ಮುದುಕ! ಒಂದು ರೂಪಾಯಿ ಟಿಕೆಟ್‌ನ ಆ ಪತ್ರಿಕಾ ಜಾಹೀರಾತುಗಳು ಈಗಲೂ ರದ್ದಿಯಲ್ಲಿ ಸಿಗುತ್ತವೆ. ಕಿಂಗ್‌ಫಿಷರ್ ಮೆನು, 2008ರ ಮೇನಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾಗುವ ಮೊದಲಿನ ಎಚ್‌ಎಎಲ್ ನಿಲ್ದಾಣದ ಬೋರ್ಡಿಂಗ್ ಪಾಸ್ ನಿಮ್ಮ ಮನೆಯ ಡ್ರಾಯರ್‌ನಲ್ಲೇ ಇರಬಹುದು. ಬೋರ್ಡಿಂಗ್ ಪಾಸ್‌ಗಳಲ್ಲಿ ಬಹಳಷ್ಟು ಥರ್ಮಲ್ ಕಾಗದದವು. ಬಿಸಿಲು, ಶಾಖ, ಪ್ಲಾಸ್ಟಿಕ್ ಕವರ್ ಯಾವುದು ತಾಗಿದರೂ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಉಳಿಯುತ್ತದೆ. ಅವನ್ನು ಮೊದಲು ಸ್ಕ್ಯಾನ್ ಮಾಡಿ, ಪೋಸ್ಟರ್ ಕೆಲಸ ಆಮೇಲೆ.